ಪುರಾಣದ ಹೊತ್ತು

ಶ್ರಾವಣದ ಸಂಜೆ. ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಕೊಳಕೂರಿನಂಥ ಒಂದು ಊರು. ತೊಗರಿ ಹೊಲದಲ್ಲಿ ಕಳೆ ತೆಗೆದು ಬಂದವರ ಕಾಲಿನ ಎರೆಮಣ್ಣು ಇನ್ನೂ ಆರಿರುವುದಿಲ್ಲ. ಅಷ್ಟರಲ್ಲಿ ಗುಡಿಯ ಮೇಲಿನ ಮೈಕು ಒಮ್ಮೆ ಕೆಮ್ಮುತ್ತದೆ, ಹಾರ್ಮೋನಿಯಂ ಒಂದು ಸ್ವರ ಹಿಡಿದು ಬಿಡುತ್ತದೆ. ಮನೆಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತದೆ. "ಲಗು ಉಣ್ರಿ, ಪುರಾಣಕ್ಕ ಹೊತ್ತಾಯ್ತು!"

ಇವರಲ್ಲಿ ಯಾರೂ ಈ ಸಂಜೆ ಪುರಾಣಕ್ಕೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತ ಕೂರುವುದಿಲ್ಲ. ಮೈಕು ಕೇಳಿಸಿತು, ಕಾಲು ನಡೆಯಿತು, ಅಷ್ಟೇ. ಶಾಸ್ತ್ರಿಗಳು ನಿನ್ನೆ ನಿಲ್ಲಿಸಿದ ಪದ್ಯದಿಂದ ಮುಂದಕ್ಕೆ ಓದುತ್ತಾರೆ, ಅರ್ಥ ಹೇಳುತ್ತಾರೆ, ನಡುವೆ ಒಂದು ಹಾಡು, ಕೊನೆಗೆ ಮಂಗಳಾರತಿ. ಹೀಗೆ ಒಂದು ತಿಂಗಳು. ಅದೇ ಊರಿನ ಒಬ್ಬ ಮೇಷ್ಟ್ರು ಯುಗಾದಿಯ ದಿನ "ಈ ವರ್ಷ ದಿನಾ ಓದುತ್ತೇನೆ" ಎಂದು ಶಪಥ ಮಾಡಿ ತಂದ ದಪ್ಪ ಕಾದಂಬರಿ ಮಾತ್ರ 14ನೇ ಪುಟದಲ್ಲಿ ಬಸ್ ಟಿಕೆಟ್ಟಿನ ಗುರುತು ಹೊತ್ತು ಹಾಗೇ ಬಿದ್ದಿರುತ್ತದೆ.

ಶಪಥ ಮಾಡಿದವನ ಓದು ನಿಂತಿದೆ, ಶಪಥವನ್ನೇ ಮಾಡದವರದು ನಡೆದಿದೆ. ಯಾಕೆ? ಮೇಷ್ಟ್ರಿಗೆ ಇಚ್ಛಾಶಕ್ತಿ ಕಡಿಮೆ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಕಳೆದ ಮೂವತ್ತು ವರ್ಷಗಳ ಅಭ್ಯಾಸವಿಜ್ಞಾನ ಬೇರೆಯದನ್ನು ಹೇಳುತ್ತದೆ. ಅವರ ಬಳಿ ಹೊತ್ತಗೆ ಇತ್ತು, ಹೊತ್ತು ಇರಲಿಲ್ಲ. ಎರಡು ಪದಗಳ ಬೇರು ಬೇರೆ ಬೇರೆ: ಹೊತ್ತಗೆಯ ನಂಟು ಪುಸ್ತಕ ಎಂಬ ಸಂಸ್ಕೃತ ಪದದ ಜೊತೆ, ಹೊತ್ತು ಅಚ್ಚಗನ್ನಡ. ಆದರೆ ದಿನನಿತ್ಯದ ಓದು ಹುಟ್ಟುವುದು ಇವೆರಡೂ ಕೂಡಿದ ಕಡೆಯಲ್ಲೇ.

ಫಲಕ ಓದದೆ ಇರಿ ನೋಡೋಣ

ಒಂದು ಸಣ್ಣ ಪ್ರಯೋಗ. ಕಲಬುರಗಿಯ ಬಸ್ ನಿಲ್ದಾಣದಲ್ಲಿ ನಿಂತು, ಎದುರು ಬಂದ ಬಸ್ಸಿನ ಫಲಕವನ್ನು ನೋಡಿ. ನೋಡಬೇಕು, ಆದರೆ ಓದಬಾರದು. ಬಿಳಿ ಹಲಗೆಯ ಮೇಲಿನ ಗೆರೆಗಳಾಗಿ ಮಾತ್ರ ಕಾಣಬೇಕು. ಸಾಧ್ಯವೇ? ಕಣ್ಣು ಬೀಳುವುದೇ ತಡ, 'ಅಫಜಲಪುರ' ಎಂಬ ಊರು ತಲೆಯೊಳಗೆ ಬಂದು ಕೂತಿರುತ್ತದೆ. ನೀವು ಕರೆದಿರಲಿಲ್ಲ.

1935ರಲ್ಲಿ ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ ಇಂಥದೇ ಪ್ರಯೋಗವೊಂದನ್ನು ಪ್ರಕಟಿಸಿದ. ಕೆಂಪು ಎಂಬ ಪದವನ್ನು ಹಸಿರು ಮಸಿಯಲ್ಲಿ ಅಚ್ಚುಹಾಕಿ, ಮಸಿಯ ಬಣ್ಣ ಯಾವುದೆಂದು ಕೇಳಿದರೆ ಓದು ಬಲ್ಲವರು ತಡವರಿಸುತ್ತಾರೆ. ಪದದ ಅರ್ಥ ಅಡ್ಡ ಬರುತ್ತದೆ. ಓದು ಬಾರದ ಮಗುವಿಗೆ ಈ ತೊಡಕೇ ಇಲ್ಲ. ಅದು ಹಸಿರು ಎಂದು ಥಟ್ಟನೆ ಹೇಳುತ್ತದೆ.

ಅಂದರೆ, ದಿನನಿತ್ಯದ ಓದು ಎಂದು ನಾವು ಕರೆಯುವುದು ಒಂದರ ಮೇಲೊಂದು ಕೂತ ಎರಡು ಅಭ್ಯಾಸ. ಕೆಳಗಿನದು ಕಣ್ಣಿನ ಅಭ್ಯಾಸ: ಅಕ್ಷರ ಕಂಡೊಡನೆ ಪದವಾಗುವುದು. ಮೇಲಿನದು ದಿನದ ಅಭ್ಯಾಸ: ಹೊತ್ತಾದೊಡನೆ ಪುಸ್ತಕಕ್ಕೆ ಕೈ ಹೋಗುವುದು. ಕೆಳಗಿನದು ಗಟ್ಟಿಯಾಗದೆ ಮೇಲಿನದು ನಿಲ್ಲದು. ಪ್ರತಿ ಸಾಲೂ ಏರುದಾರಿಯಾದವನಿಗೆ "ದಿನಾ ಓದು" ಎನ್ನುವುದು, ಕಾಲುನೋವಿನವನಿಗೆ ದಿನಾ ಗುಡ್ಡ ಹತ್ತು ಎಂದಂತೆ.

ಕಣ್ಣಿನ ಕೆಲಸವೂ ನಾವು ಅಂದುಕೊಂಡಂತಿಲ್ಲ. ಸಾಲಿನ ಮೇಲೆ ಕಣ್ಣು ಎಣ್ಣೆಯಂತೆ ಹರಿಯುವುದಿಲ್ಲ, ಮಿಡತೆಯಂತೆ ಜಿಗಿಯುತ್ತದೆ. 19ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ನೇತ್ರತಜ್ಞ ಎಮಿಲ್ ಜಾವಾಲ್‌ನ ಪ್ರಯೋಗಾಲಯದಲ್ಲಿ ಇದು ಗೊತ್ತಾಯಿತು. ಒಂದು ಜಿಗಿತ, ಸೆಕೆಂಡಿನ ಕಾಲು ಭಾಗದಷ್ಟು ನಿಲುಗಡೆ, ಮತ್ತೆ ಜಿಗಿತ. ಅಕ್ಷರಗಳು ಮೆದುಳಿಗೆ ಸೇರುವುದು ನಿಂತ ಗಳಿಗೆಯಲ್ಲಿ ಮಾತ್ರ. ಪಳಗಿದ ಓದುಗನ ನಿಲುಗಡೆ ಚಿಕ್ಕದು, ಜಿಗಿತ ಉದ್ದ. ಹೊಸಬ ಪ್ರತಿ ಒತ್ತಕ್ಷರದಲ್ಲೂ ನಿಲ್ಲುತ್ತಾನೆ, ಹಿಂದಕ್ಕೂ ಜಿಗಿಯುತ್ತಾನೆ.

ನಾನೂರು ಮೆಟ್ಟಿಲು

ಕನ್ನಡದ ಮಗುವಿಗೆ ಈ ಕೆಳಗಿನ ಅಭ್ಯಾಸ ಕೂಡಿಬರಲು ಹೆಚ್ಚು ಕಾಲ ಬೇಕು. ಇಂಗ್ಲಿಷಿನ ಮಗು 26 ಅಕ್ಷರಗಳ ಆಕಾರ ಕಲಿತರೆ ಒಂದು ಹಂತ ಮುಗಿಯಿತು, ಅದರ ಕಷ್ಟವೆಲ್ಲ ಕಾಗುಣಿತದಲ್ಲಿದೆ. ನಮ್ಮದು ತಿರುಗು ಮುರುಗು. ಬರೆದಂತೆ ಓದಬಹುದು, ಆದರೆ ಗುರುತಿಸಬೇಕಾದ ರೂಪಗಳು ಬಹಳ. 34 ವ್ಯಂಜನಗಳಿಗೆ ಗುಣಿತ ಹಚ್ಚಿದರೇ ಎಣಿಕೆ ನಾನೂರು ದಾಟುತ್ತದೆ, ಅದರ ಮೇಲೆ ಒತ್ತುಗಳು. 'ಸ್ತ್ರೀ' ಎಂಬ ಒಂದೇ ಅಕ್ಷರದೊಳಗೆ ಮೂರು ವ್ಯಂಜನ, ಒಂದು ದೀರ್ಘಸ್ವರ ಮೇಲೆ ಕೆಳಗೆ ಪಕ್ಕಕ್ಕೆ ಸೇರಿಕೊಂಡಿವೆ.

ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಅಭ್ಯಸಿಸಿದ ಮನೋವಿಜ್ಞಾನಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನೇ ತೋರಿಸಿತು. ಮಕ್ಕಳ ಅಕ್ಷರಜ್ಞಾನ ಒಂದನೆಯ ತರಗತಿಯಲ್ಲಿ ಮುಗಿಯುವುದಿಲ್ಲ. ಮೂರು, ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಮೂರನೆಯ ತರಗತಿಯ ಹುಡುಗ ಒತ್ತಕ್ಷರದಲ್ಲಿ ಎಡವಿದರೆ ಅವನು ದಡ್ಡ ಅಂತಲ್ಲ. ಮೆಟ್ಟಿಲು ಇನ್ನೂ ಇವೆ, ಅಷ್ಟೇ. ಅವನಿಗೆ ಬೇಕಾದದ್ದು ದಪ್ಪ ಪುಸ್ತಕವಲ್ಲ, ಸಲೀಸಾಗಿ ಓದಬಲ್ಲ ತೆಳು ಪುಸ್ತಕಗಳ ರಾಶಿ.

ಅಕ್ಷರಕ್ಕೆ ವಯಸ್ಸಿನ ಗಡಿಯೂ ಇಲ್ಲ. 2010ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಡೆಹೆನ್ ಮತ್ತು ಸಂಗಡಿಗರು ಬ್ರೆಜಿಲ್, ಪೋರ್ಚುಗಲ್‌ಗಳ ವಯಸ್ಕರ ಮೆದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಓದು ಬಲ್ಲವರ ಮೆದುಳಿನ ಎಡಗಡೆ, ಹಿಂಬದಿಯ ಕೆಳಭಾಗದಲ್ಲಿ ಒಂದು ಸಣ್ಣ ಜಾಗ ಅಕ್ಷರ ಕಂಡರೆ ಚುರುಕಾಗುತ್ತದೆ. ದೊಡ್ಡವರಾದ ಮೇಲೆ ಅಕ್ಷರ ಕಲಿತವರಲ್ಲೂ ಆ ಜಾಗ ಎಚ್ಚೆತ್ತಿತ್ತು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಲಖನೌ ಸುತ್ತಲ ಹಳ್ಳಿಗಳ ಅನಕ್ಷರಸ್ಥರಿಗೆ ಆರು ತಿಂಗಳು ಹಿಂದಿ ಓದು ಕಲಿಸಿ ನೋಡಿದಾಗ ಬದಲಾವಣೆ ಮೆದುಳಿನ ಹೊರಪದರಕ್ಕಷ್ಟೇ ನಿಂತಿರಲಿಲ್ಲ, ನೋಟದ ಕೆಲಸ ಮಾಡುವ ಹೊರಪದರಕ್ಕೂ ಒಳಗಿನ ಥಲಾಮಸ್, ಮೆದುಳುಕಾಂಡಗಳಿಗೂ ನಡುವಿನ ಹೊಂದಾಣಿಕೆ ಹೆಚ್ಚಿತ್ತು. ಕಾಯಕದ ಕೈಗಳಿಗೆ ಆರು ತಿಂಗಳು ಪಾಟಿ ಕೊಟ್ಟರೆ ಮೆದುಳಿನ ತಳದವರೆಗೂ ಅದರ ಗುರುತು ಇಳಿಯುತ್ತದೆ.

2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 65, ಕರ್ನಾಟಕದ್ದು 75. ಪುರಾಣದ ಚಾಪೆಯ ಮೇಲೆ ಕೂತು ಕೇಳುವ ಎಷ್ಟೋ ಅಜ್ಜಿಯರಿಗೆ ಪುಸ್ತಕದ ಒಳಗಿರುವುದು ಬಾಯಿಪಾಠ, ಆದರೆ ಪುಸ್ತಕ ಅವರಿಗೆ ಮುಚ್ಚಿದ ಬಾಗಿಲು. ಆ ಬಾಗಿಲು ತುಕ್ಕು ಹಿಡಿದಿಲ್ಲ ಎನ್ನುವುದು ಲಖನೌದ ಹಳ್ಳಿಗಳಿಂದ ಬಂದ ಸುದ್ದಿ.

ಮೈಕು ಕೆಮ್ಮಿದರೆ ಸಾಕು

ಈಗ ಮೇಲಿನ ಅಭ್ಯಾಸಕ್ಕೆ ಬರೋಣ. ಮೆದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಭಾಗವಿದೆ. ಮಾಡಿದ್ದನ್ನೇ ಮಾಡಿದಾಗ ಅದನ್ನು ಒಂದು ಗಂಟು ಕಟ್ಟಿಡುವ ಕೆಲಸ ಅದರದು. ಅಮೆರಿಕದ ಎಂಐಟಿಯ ಆನ್ ಗ್ರೇಬಿಯೆಲ್ ತಂಡ 1999ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿತು. 'ಟಿ' ಆಕಾರದ ಓಣಿಯಲ್ಲಿ ಇಲಿ ಓಡಬೇಕು, ಸದ್ದು ಕೇಳಿ ಎಡಕ್ಕೋ ಬಲಕ್ಕೋ ತಿರುಗಬೇಕು, ತಿನಿಸು ಪಡೆಯಬೇಕು. ಮೊದಮೊದಲು ದಾರಿಯುದ್ದಕ್ಕೂ ಅಲ್ಲಿನ ನರಕೋಶಗಳು ಮಿಡಿಯುತ್ತಿದ್ದವು. ದಾರಿ ರೂಢಿಯಾದ ಮೇಲೆ ಮಿಡಿತ ಎರಡೇ ಕಡೆ ಉಳಿಯಿತು, ಹೊರಡುವಾಗ ಮತ್ತು ಮುಟ್ಟಿದಾಗ. ನಡುವೆ ಬಹುಮಟ್ಟಿಗೆ ಮೌನ.

ಇದನ್ನು ಪುರಾಣಕ್ಕೆ ಹೋಲಿಸಿ ನೋಡಿ. ಮೊದಲಿಗೆ ಮೈಕಿನ ಸದ್ದು, ಕೊನೆಗೆ ಮಂಗಳಾರತಿ. ಎರಡೂ ದಿನಾ ಒಂದೇ ತೆರ. ನಡುವಿನ ಕಥೆ ಮಾತ್ರ ದಿನಕ್ಕೊಂದು. ಅಭ್ಯಾಸಕ್ಕೆ ಬೇಕಾದ ಗಟ್ಟಿ ಆರಂಭ, ಗಟ್ಟಿ ಮುಕ್ತಾಯ ಎರಡನ್ನೂ ನಮ್ಮ ಹಿರಿಯರು ಇಲಿ ಸಾಕದೆಯೇ ಇಟ್ಟಿದ್ದರು. ಮನೆಯಲ್ಲಿ ಓದಲು ಕೂರುವವನಿಗೆ ಎರಡೂ ಇಲ್ಲ. ಯಾವಾಗ ಶುರು? ಪುರುಸೊತ್ತಾದಾಗ. ಯಾವಾಗ ಮುಗಿಯಿತು? ನಿದ್ದೆ ಬಂದಾಗ. ಹೀಗಿದ್ದರೆ ಸ್ಟ್ರಯೇಟಮ್ಮಿಗೆ ಗಂಟು ಹಾಕಲು ದಾರದ ತುದಿಯೇ ಸಿಗುವುದಿಲ್ಲ.

ಸದ್ದಿಗೆ ಈ ಶಕ್ತಿ ಎಲ್ಲಿಂದ ಬಂತು? ವುಲ್ಫ್ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಕೋತಿಗಳ ಮೆದುಳಿನ ಡೋಪಮಿನ್ ಕೋಶಗಳನ್ನು ಗಮನಿಸಿದರು. ಮೊದಮೊದಲು ಹಣ್ಣಿನ ರಸ ನಾಲಗೆಗೆ ಬಿದ್ದಾಗ ಕೋಶಗಳು ಮಿಡಿಯುತ್ತಿದ್ದವು. ರಸಕ್ಕೆ ಮುಂಚೆ ದೀಪ ಹೊತ್ತುವುದು ರೂಢಿಯಾದ ಮೇಲೆ ಮಿಡಿತ ದೀಪದ ಕಡೆಗೇ ಸರಿಯಿತು. ಬಯಕೆ ಸೂಚನೆಗೆ ಅಂಟಿಕೊಂಡಿತು. ಜೇಬಿನಲ್ಲಿ ಮೊಬೈಲು ಟಿಣ್ ಎಂದರೆ ಕೈ ಹೋಗುವುದೂ ಇದೇ ಕಾರಣಕ್ಕೆ. ಮೊಬೈಲಿಗೆ ದಿನಕ್ಕೆ ನೂರು ಸಲ ಕೆಮ್ಮುವ ಮೈಕು ಇದೆ. ಕಪಾಟಿನ ಪುಸ್ತಕ ಮೂಕ. ಹಾಗಾಗಿ ಓದುವವನು ತಾನೇ ಅದಕ್ಕೊಂದು ದನಿ ಹುಡುಕಿಕೊಡಬೇಕು.

ಆ ದನಿ ದುಬಾರಿಯದಲ್ಲ. ಈಗಾಗಲೇ ದಿನಾ ತಪ್ಪದೆ ಆಗುವ ಒಂದು ಕೆಲಸವೇ ಸಾಕು. ಚಹಾದಂಗಡಿಯ ಪೇಪರನ್ನು ನೆನೆಯಿರಿ. ಬೆಳಿಗ್ಗೆ ಅಂಗಡಿಯ ಕಟ್ಟೆಯ ಮೇಲೆ ಕೂತೊಡನೆ, ಚಹಾ ಬರುವ ಮುಂಚೆಯೇ ಕೈ ಪೇಪರಿಗೆ ಹೋಗುತ್ತದೆ. ಒಬ್ಬ ಹಾಳೆ ಬಿಚ್ಚಿ ಇನ್ನೊಬ್ಬನಿಗೆ ಕೊಡುತ್ತಾನೆ. ಅಲ್ಲಿ ಓದಿಸುವುದು ಚಹಾ, ಕಟ್ಟೆ ಮತ್ತು ಪಕ್ಕದವನು.

ಜಾಗದ ಬಲ ಎಷ್ಟೆಂಬುದನ್ನು ವೆಂಡಿ ವುಡ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವ ವಿದ್ಯಾರ್ಥಿಗಳನ್ನು ಗಮನಿಸಿದಾಗ, ಪತ್ರಿಕೆ ಓದುವ ಅಭ್ಯಾಸ ಉಳಿದದ್ದು ಹೊಸ ಊರಲ್ಲೂ ಓದುವ ಸನ್ನಿವೇಶ ಹಳೆಯದರಂತೆಯೇ ಇದ್ದವರಲ್ಲಿ. ಸನ್ನಿವೇಶ ಬದಲಾದವರಲ್ಲಿ ಬಲವಾದ ಅಭ್ಯಾಸವೂ ಕಳಚಿತು. ಆಳಂದ, ಅಫಜಲಪುರ, ಜೇವರ್ಗಿಯಿಂದ ಮುಂಬಯಿಗೋ ಪುಣೆಗೋ ದುಡಿಯಲು ಹೋದವರು "ಊರಾಗ ಇದ್ದಾಗ ಓದ್ತಿದ್ವಿ, ಈಗ ಬಿಟ್ಟೀವಿ" ಎನ್ನುವುದಕ್ಕೆ ಆಲಸ್ಯವೇ ಕಾರಣ ಅನ್ನಲಾಗದು. ಅವರ ಕಟ್ಟೆ ಊರಲ್ಲೇ ಉಳಿಯಿತು. ಹೊಸ ಊರಿನಲ್ಲಿ ಹೊಸ ಕಟ್ಟೆ ಹುಡುಕಿಕೊಳ್ಳಬೇಕು: ಲೋಕಲ್ ರೈಲಿನ ಕಿಟಕಿ, ಊಟದ ಡಬ್ಬಿ ತೆರೆಯುವ ಮುಂಚಿನ ಹತ್ತು ನಿಮಿಷ.

21ರ ಸುಳ್ಳು, 70ರ ಲೆಕ್ಕ

"21 ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ತಿದ್ದಿದ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕಡಿಮೆಯೆಂದರೂ 21 ದಿನ ಬೇಕು ಎಂಬುದು ಅವನು ಕಂಡದ್ದು. ಬಾಯಿಂದ ಬಾಯಿಗೆ ಹೋಗುವಾಗ 'ಕಡಿಮೆಯೆಂದರೂ' ಉದುರಿತು, ಮುಖ ಹೋಗಿ ಅಭ್ಯಾಸ ಬಂತು.

ನಿಜವಾಗಿ ಅಳೆದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು. 96 ಮಂದಿ ತಲಾ ಒಂದು ಹೊಸ ಅಭ್ಯಾಸ ಆರಿಸಿಕೊಂಡು 12 ವಾರ ದಿನಾ ಗುರುತು ಹಾಕಿದರು. 2010ರಲ್ಲಿ ಅಚ್ಚಾದ ಫಲಿತಾಂಶ: ಮಾಡಬೇಕೆಂದು ನೆನೆಯದೆಯೇ ಮಾಡುವ ಹಂತಕ್ಕೆ ಮಧ್ಯದ ಲೆಕ್ಕ 66 ದಿನ. ಅತಿ ಬೇಗ 18, ಅತಿ ತಡ 254. ಈ ಕೊನೆಯ ಸಂಖ್ಯೆ 12 ವಾರದ ಗೆರೆಯನ್ನು ಮುಂದಕ್ಕೆ ಎಳೆದು ಅಂದಾಜಿಸಿದ್ದು. ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ಹತ್ತಿತು, ವ್ಯಾಯಾಮ ನಿಧಾನ. ಅವರ ಪಟ್ಟಿಯಲ್ಲಿ ಇದ್ದದ್ದು ತಿನ್ನುವುದು, ಕುಡಿಯುವುದು, ಮೈ ದಣಿಸುವುದು, ಓದು ಇರಲಿಲ್ಲ. ಹಾಗಾಗಿ 66 ಎಂಬುದು ನಮಗೆ ಒಂದು ದಿಕ್ಕು, ದೇವರ ಮಾತಲ್ಲ. ಆದರೆ ಎರಡು ಸಂಗತಿ ಗಟ್ಟಿ. ಏರಿಕೆ ಹೆಚ್ಚಿರುವುದು ಆರಂಭದ ದಿನಗಳಲ್ಲೇ, ಆಮೇಲೆ ಗೆರೆ ಚಪ್ಪಟೆಯಾಗುತ್ತದೆ. ಮತ್ತು ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದು ಕುಸಿಯುವುದಿಲ್ಲ.

ಈಗ ನಮ್ಮ ಪಂಚಾಂಗ ತೆಗೆಯಿರಿ. ಶ್ರಾವಣದ ಪುರಾಣ 30 ದಿನ. ಮಂಗಲವಾಗಿ, ದಾಸೋಹದ ಹುಗ್ಗಿ ಉಂಡು ಏಳುವಾಗ ಅಭ್ಯಾಸ ಅರ್ಧ ದಾರಿಯಲ್ಲಿದೆ. ಭಾದ್ರಪದ ಖಾಲಿ ಹೋಗುತ್ತದೆ. ಆಮೇಲೆ ನವರಾತ್ರಿ, ಗುಡಿಗಳಲ್ಲಿ, ಮನೆಗಳಲ್ಲಿ ದೇವಿ ಪುರಾಣ. ಶ್ರಾವಣದ ಪಾಡ್ಯದಿಂದ ವಿಜಯದಶಮಿಯವರೆಗೆ ಎಣಿಸಿದರೆ ಎಷ್ಟು? 2025ರಲ್ಲಿ ಜುಲೈ 25ರಿಂದ ಅಕ್ಟೋಬರ್ 2ರವರೆಗೆ, ಸರಿಯಾಗಿ 70 ದಿನ. ಲಂಡನ್ನಿನ 66ಕ್ಕೆ ಬೇಕಾದಷ್ಟು ಅವಕಾಶ ನಮ್ಮ ಎರಡು ಪುರಾಣಗಳ ನಡುವೆಯೇ ಇದೆ. ತುಂಬಬೇಕಾದದ್ದು ಭಾದ್ರಪದದ ಹಳ್ಳ ಒಂದೇ. ಒಂದು ದಿನದ ತಪ್ಪಿಗೆ ರಿಯಾಯಿತಿಯೂ ಸಂಪ್ರದಾಯದಲ್ಲೇ ಇದೆ: ಕೆಲವು ಮನೆಗಳಲ್ಲಿ ನವರಾತ್ರಿಯಲ್ಲಿ ಪುಸ್ತಕವನ್ನು ಪೂಜೆಗಿಟ್ಟ ದಿನ ಓದುವಂತಿಲ್ಲ.

ಶಾಸ್ತ್ರಿಗಳ ಬಾಯಿಂದ ನಿಮ್ಮ ಕಣ್ಣಿಗೆ

ಪುರಾಣಕ್ಕೆ ಒಂದು ಮಿತಿಯೂ ಇದೆ. ಅಲ್ಲಿ ಓದುವವರು ಒಬ್ಬರು, ಕೇಳುವವರು ನೂರು. ಕೇಳಿದವರಿಗೆ ಕಥೆ ಸಿಗುತ್ತದೆ, ಭಾಷೆ ಸಿಗುತ್ತದೆ. ಕಣ್ಣಿನ ಅಭ್ಯಾಸ ಮಾತ್ರ ಶಾಸ್ತ್ರಿಗಳೊಬ್ಬರಿಗೇ.

ಇದಕ್ಕೆ ಈ ನೆಲದ ಚರಿತ್ರೆಯೂ ಕಾರಣ. ಅಕ್ಷರ ಇಲ್ಲಿಗೆ ಹೊಸದಲ್ಲ. ಕವಿರಾಜಮಾರ್ಗ ಹುಟ್ಟಿದ 9ನೇ ಶತಮಾನದ ಮಳಖೇಡ ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ. ವಿಧಿಪೂರ್ವಕ ಓದದ ಕನ್ನಡಿಗರೂ ಕಾವ್ಯದಲ್ಲಿ ನುರಿತವರೆಂದು ಮೆಚ್ಚಿದ ಪುಸ್ತಕ ಅದು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತು. 1058ರ ಶಾಸನ ಅಲ್ಲಿನ ವಿದ್ಯಾರ್ಥಿಗಳು, ಗುರುಗಳ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳನ್ನೂ ಹೆಸರಿಸುತ್ತದೆ. ಅಂದರೆ ಗ್ರಂಥಪಾಲಕರು. ಇಂದು ಎಷ್ಟು ಕಾಲೇಜುಗಳಲ್ಲಿ ಆರು ಗ್ರಂಥಪಾಲಕರಿದ್ದಾರೆ? ಆದರೆ ಈ ಭಂಡಾರ ಊರಿನ ಎಲ್ಲರದಾಗಿರಲಿಲ್ಲ. ಮುಂದೆ ನಿಜಾಮರ ಕಾಲದಲ್ಲಿ, 1948ರ ಸೆಪ್ಟೆಂಬರ್ 17ರವರೆಗೆ, ಆಡಳಿತದ ಭಾಷೆ ಉರ್ದು; ಕನ್ನಡ ಶಾಲೆ ಅಪರೂಪ. ಆ ದಿನಗಳಲ್ಲಿ ಕನ್ನಡ ಉಳಿದದ್ದು ಮಠದ ಪುರಾಣದಲ್ಲಿ, ಭಜನೆಯ ತತ್ವಪದದಲ್ಲಿ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಪದಗಳು ಕಿವಿಯಿಂದ ಕಿವಿಗೆ ಬಂದವು. ಕಿವಿ ನಮ್ಮನ್ನು ಕಾಪಾಡಿತು. ಈಗ ಕಣ್ಣಿನ ಸರದಿ.

ಕಣ್ಣಿಗೆ ದಿನಾ ಎಷ್ಟು ಬೇಕು? 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಐದನೆಯ ತರಗತಿಯ 155 ಮಕ್ಕಳ ಶಾಲೆಯ ಹೊರಗಿನ ಓದನ್ನು ಲೆಕ್ಕ ಹಾಕಿತು. ಓದಿನ ಅಳತೆಯಂತೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮಗು ಪುಸ್ತಕ ಓದುತ್ತಿದ್ದದ್ದು ದಿನಕ್ಕೆ 5 ನಿಮಿಷಕ್ಕೂ ಕಡಿಮೆ, ವರ್ಷಕ್ಕೆ ಸುಮಾರು 2.8 ಲಕ್ಷ ಪದ. ನೂರರಲ್ಲಿ ತೊಂಬತ್ತು ಮಕ್ಕಳನ್ನು ಹಿಂದೆ ಹಾಕಿದ ಮಗುವಿನದು ದಿನಕ್ಕೆ 21 ನಿಮಿಷ, ವರ್ಷಕ್ಕೆ 18 ಲಕ್ಷ ಪದ. ಅವರ ನಡುವಿನ ಅಂತರ ದಿನಕ್ಕೆ ಕಾಲು ಗಂಟೆ ಮಾತ್ರ. ದೊಡ್ಡವರ ಲೆಕ್ಕ ಇನ್ನೂ ಸುಲಭ: ದಿನಕ್ಕೆ 10 ಪುಟ ಎಂದರೆ 200 ಪುಟದ ಪುಸ್ತಕ 20 ದಿನಕ್ಕೆ ಒಂದು, ವರ್ಷಕ್ಕೆ 18. ದಸರೆಯ ರಜೆಯಲ್ಲಿ ಒಟ್ಟಿಗೆ ಓದಿಬಿಡುತ್ತೇನೆ ಎನ್ನುವವನು ಈ ಲೆಕ್ಕವನ್ನು ಎಂದೂ ಮುಟ್ಟುವುದಿಲ್ಲ.

ಪುಸ್ತಕ ಎಲ್ಲಿಂದ? ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 5,000ಕ್ಕೂ ಹೆಚ್ಚು ಗ್ರಂಥಾಲಯಗಳಿವೆ, ಈಗ ಅವುಗಳ ಹೆಸರು ಅರಿವು ಕೇಂದ್ರ. 2020ರ ನವೆಂಬರ್ 14ರಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮನೆಯಲ್ಲಿ ಒಂದು ಮಗು ಸದಸ್ಯನಾದರೆ ಅಜ್ಜಿಯ ಕೈಗೂ ಪುಸ್ತಕ ಬಂದಂತೆ.

ಆ ಪುಸ್ತಕಕ್ಕೆ ಹೊತ್ತು ಗೊತ್ತುಮಾಡುವುದು ಹೇಗೆ? ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಶ್ಟೆಟರ್ 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಲು ಹೇಳಿದರು. ಎಲ್ಲಿ, ಯಾವಾಗ ಕೂತು ಬರೆಯುತ್ತೇನೆಂದು ಮುಂಚೆಯೇ ಬರೆದುಕೊಟ್ಟವರಲ್ಲಿ ನೂರಕ್ಕೆ ಸುಮಾರು 70 ಮಂದಿ ಹೇಳಿದ ಸಮಯಕ್ಕೆ ಮುಗಿಸಿದರು. ಬರೆಯುತ್ತೇನೆ ಎಂದಷ್ಟೇ ಹೇಳಿದವರಲ್ಲಿ 30ರ ಆಸುಪಾಸು. ಮೇಷ್ಟ್ರ ಶಪಥದಲ್ಲಿ ಇಲ್ಲದ್ದು ಈ ಎರಡೇ ಮಾತು, ಎಲ್ಲಿ ಮತ್ತು ಯಾವಾಗ. "ಈ ವರ್ಷ ದಿನಾ ಓದುತ್ತೇನೆ" ಎಂಬುದರ ಬದಲು "ರಾತ್ರಿ ಊಟದ ತಾಟು ತೊಳೆದಿಟ್ಟ ಮೇಲೆ, ಪಡಸಾಲೆಯ ಕಂಬಕ್ಕೆ ಒರಗಿ, ಎರಡು ಪುಟ" ಎಂದಿದ್ದರೆ ಅದರಲ್ಲೇ ಮೈಕು, ಗುಡಿ, ದಿನದ ಅಧ್ಯಾಯ ಮೂರೂ ಇರುತ್ತಿದ್ದವು. ಎರಡೇ ಪುಟ ಯಾಕೆ? ಮೈ ದಣಿದ ದಿನವೂ ಆಗುವಷ್ಟು ಚಿಕ್ಕದಿದ್ದರೆ ಮಾತ್ರ 70 ದಿನ ದಾಟಬಹುದು. ಮುಂದೆ ಓದಿಸುವ ಭಾರ ಪುಸ್ತಕದ್ದು.

ಜೋರಾಗಿ ಓದಿದರೆ ಇನ್ನೂ ಲಾಭ. ಕೆನಡದ ಕಾಲಿನ್ ಮ್ಯಾಕ್ಲಿಯೋಡ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಂತೆ, ಮನಸ್ಸಿನಲ್ಲೇ ಓದಿದ ಪದಗಳಿಗಿಂತ ಬಾಯಿಬಿಟ್ಟು ಓದಿದ ಪದಗಳು ಹೆಚ್ಚು ನೆನಪಿರುತ್ತವೆ. ಮೂರನೆಯ ತರಗತಿಯ ಮೊಮ್ಮಗಳು ಅರಿವು ಕೇಂದ್ರದ ತೆಳು ಪುಸ್ತಕ ಹಿಡಿದು ಜೋರಾಗಿ ಓದಲಿ, ಅಜ್ಜಿ ಕೇಳಲಿ. ಒತ್ತಕ್ಷರದಲ್ಲಿ ಹುಡುಗಿ ನಿಂತಾಗ ಪದ ಯಾವುದೆಂದು ಊಹಿಸಿ ಹೇಳಬಲ್ಲ ಕಿವಿ ಅಜ್ಜಿಯದು. ಗೆರೆಯ ಮೇಲೆ ಬೆರಳಿಟ್ಟು ಅದು ಎಲ್ಲಿದೆಯೆಂದು ತೋರಿಸಬಲ್ಲ ಕಣ್ಣು ಹುಡುಗಿಯದು. ಇಬ್ಬರೂ ಒಂದೇ ಪುಟದಲ್ಲಿ ಕಲಿಯುತ್ತಾರೆ.

ವಿಜಯದಶಮಿಯ ಸಂಜೆ ಊರೆಲ್ಲ ಬನ್ನಿ ಕೊಟ್ಟು "ಬಂಗಾರದಂಗ ಇರೂನು" ಎನ್ನುತ್ತದೆ. ಪುರಾಣ ಮುಗಿದಿರುತ್ತದೆ, ಹಾರ್ಮೋನಿಯಂ ಪೆಟ್ಟಿಗೆ ಸೇರಿರುತ್ತದೆ. ನಿಜವಾದ ಪರೀಕ್ಷೆ ಮರುದಿನ, ಏಕಾದಶಿಯ ರಾತ್ರಿ. ಮೈಕು ಕೆಮ್ಮುವುದಿಲ್ಲ. ತಾಟು ತೊಳೆದು ಬೋರಲು ಹಾಕಿದ ಸಪ್ಪಳವಷ್ಟೇ ಕೇಳಿಸುತ್ತದೆ. ಅಷ್ಟಕ್ಕೇ ಹುಡುಗಿ ಪುಸ್ತಕ ಹುಡುಕುತ್ತ ಎದ್ದರೆ ಆ ಮನೆಗೆ ಹೊತ್ತು ಬಂದಿದೆ ಎಂದು ತಿಳಿಯಿರಿ. ಏಳದಿದ್ದರೆ ಅಜ್ಜಿ ಇದ್ದಾಳೆ: "ಯಾಕವ್ವಾ, ಇವತ್ತ ಪುರಾಣ ಇಲ್ಲೇನು?"